ಬೇಸ್‌ಮೆಂಟ್‌ನಲ್ಲಿ ರೇಡಾನ್ 11.2 ಬಂದಿದೆ, ಅಪ್ಪ-ಅಮ್ಮನ ರೂಮು ಅಲ್ಲೇ. ಏನು ಮಾಡಲಿ?

ತುಂಗಾತೀರ · ಫೆಬ್ರವರಿ 9, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯ ಹಂಟರ್‌ಡನ್ ಕೌಂಟಿಯಲ್ಲಿ. 2021ರಲ್ಲಿ ಮನೆ ತೆಗೆದುಕೊಂಡೆವು. ಆ ವರ್ಷ ಮನೆ ಸಿಗುವುದೇ ಕಷ್ಟವಾಗಿತ್ತು, ನೆನಪಿರಬಹುದು. ಒಂದೊಂದು ಮನೆಗೆ ಜನ ಮುಗಿಬೀಳುತ್ತಿದ್ದರು. ಹಾಗಾಗಿ ಇನ್‌ಸ್ಪೆಕ್ಷನ್ನೇ ಬೇಡ ಅಂತ ಬರೆದುಕೊಟ್ಟು ಮನೆ ಹಿಡಿದೆವು. ರೇಡಾನ್ ಅಂದರೆ ನೆಲದ ಮಣ್ಣಿನಿಂದ ಮನೆಯೊಳಗೆ ಸೇರುವ, ಶ್ವಾಸಕೋಶದ ಕ್ಯಾನ್ಸರ್ ತರಬಲ್ಲ ವಿಕಿರಣದ ಅನಿಲ. ಆ ಹೆಸರು ಆಗಲೇ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ ಅಷ್ಟೆ.

ಏಪ್ರಿಲ್‌ನಲ್ಲಿ ಅಪ್ಪ-ಅಮ್ಮ ತೀರ್ಥಹಳ್ಳಿಯಿಂದ ಬರುತ್ತಿದ್ದಾರೆ, ಆರು ತಿಂಗಳಿಗೆ. ಅವರಿಗೆ ಅಂತಲೇ ಬೇಸ್‌ಮೆಂಟ್‌ನಲ್ಲಿ ರೂಮು, ಬಾತ್‌ರೂಮು ಮಾಡಿಸಿದೆವು. ಮಗನ ಆಟದ ಸಾಮಾನೆಲ್ಲ ಇರುವುದೂ ಅಲ್ಲೇ. ಕಳೆದ ತಿಂಗಳು ಗೆಳತಿ ಒಬ್ಬಳು ಬಂದವಳು "ರೇಡಾನ್ ಟೆಸ್ಟ್ ಮಾಡಿಸಿದ್ದೀರಾ?" ಅಂದಳು. ಅಂಗಡಿಯಿಂದ ಇದ್ದಿಲಿನ ಡಬ್ಬಿ ತಂದು ನಾಲ್ಕು ದಿನ ಇಟ್ಟು ಲ್ಯಾಬಿಗೆ ಕಳಿಸಿದೆ. ಇವತ್ತು ರಿಪೋರ್ಟ್ ಬಂತು: ಲೀಟರ್ ಗಾಳಿಗೆ 11.2 ಪಿಕೋಕ್ಯೂರಿ (ವಿಕಿರಣದ ಒಂದು ಅಳತೆ). 4ಕ್ಕಿಂತ ಜಾಸ್ತಿ ಇದ್ದರೆ ಸರಿಪಡಿಸಿ ಅಂತ ಅದರಲ್ಲೇ ಬರೆದಿದೆ.

ಯಜಮಾನರು "ಟಿಕೆಟ್ ಮುಂದಕ್ಕೆ ಹಾಕೋಣವಾ" ಅಂತಿದ್ದಾರೆ. ಅಪ್ಪನಿಗೆ ಫೋನಿನಲ್ಲಿ ಹೇಳಿದರೆ, "ನಮ್ಮ ಮನೆ ಬಂಡೆ ಮೇಲೇ ಇರೋದು ಮಾರಾಯ್ತಿ, ಎಂಥದೂ ಆಗಲ್ಲ" ಅಂತ ನಕ್ಕುಬಿಟ್ಟರು. ನಾಲ್ಕು ವರ್ಷ ನಾವೇ ಈ ಗಾಳಿ ಕುಡಿದಿದ್ದೇವಲ್ಲ ಅಂತ ನನಗೆ ನಿದ್ದೆ ಬರುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಜೋಳದ ರೊಟ್ಟಿ ಅಯೋವಾ · ಫೆಬ್ರವರಿ 9, ರಾತ್ರಿ 11:15

ತಂಗಿ, ಮೊದಲು ನೀರು ಕುಡಿದು ಮಲಗಿ. ಅಂಜಬ್ಯಾಡ್ರಿ. ನಮ್ಮ ಅಯೋವಾದಲ್ಲಿ ಇದು ಮನೆಮನೆಯ ಕಥೆ. ಇಲ್ಲಿರುವುದು 99 ಕೌಂಟಿ. ಅಮೆರಿಕದ ಪರಿಸರ ಇಲಾಖೆ ಇಪಿಎ ಮಾಡಿದ ನಕ್ಷೆಯಲ್ಲಿ 99ಕ್ಕೆ 99 ಕೆಂಪು, ಅಂದರೆ ರೇಡಾನ್ ಅತಿ ಹೆಚ್ಚು ಇರಬಹುದಾದ ಒಂದನೇ ವಲಯ. ನನ್ನ ಮನೆಯಲ್ಲಿ 17 ಇತ್ತು. ಈಗ 0.9. ನಡುವೆ ಆದದ್ದು ಇಷ್ಟೇ: ಒಂದು ಪೈಪು, ಒಂದು ಫ್ಯಾನು, ಒಂದು ದಿನದ ಕೆಲಸ.

ಇದು ಮನೆಯೊಳಗೆ ಹೇಗೆ ಬರುತ್ತದೆ ಅಂತ ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ಊರಲ್ಲಿ ಬಚ್ಚಲ ಒಲೆಯ ಹೊಗೆಗೂಡು ನೋಡಿದ್ದೀರಲ್ಲ? ಬಿಸಿ ಗಾಳಿ ಮೇಲೆ ಹೋಗುತ್ತದೆ, ಕೆಳಗಿನಿಂದ ಹೊಸ ಗಾಳಿ ಎಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆ ಅಂದರೆ ದೊಡ್ಡ ಹೊಗೆಗೂಡೇ. ಮೇಲಿನಿಂದ ಬಿಸಿ ಗಾಳಿ ಸೋರಿಹೋಗುತ್ತದೆ, ಕೆಳಗೆ ಕಾಂಕ್ರೀಟಿನ ಸಂದಿಯಿಂದ ಮನೆ ಮಣ್ಣಿನ ಗಾಳಿಯನ್ನು ಹೀರುತ್ತದೆ. ಆ ಗಾಳಿಯ ಜೊತೆ ರೇಡಾನ್ ಬರುತ್ತದೆ. ನೀವು ಟೆಸ್ಟ್ ಮಾಡಿದ್ದು ಕಿಟಕಿ ಎಲ್ಲ ಮುಚ್ಚಿರುವ ಚಳಿಯಲ್ಲಿ. ವರ್ಷದ ಸರಾಸರಿ ಇದಕ್ಕಿಂತ ಕಡಿಮೆ ಇರಬಹುದು. ಆದರೂ 11 ಅಂದರೆ ಬಿಡುವ ಅಂಕಿ ಅಲ್ಲ.

ಸುಮ್ನೆ ಕೇಳ್ದೆ · ಫೆಬ್ರವರಿ 10, ಬೆಳಿಗ್ಗೆ 7:50

ಬೇಜಾರು ಮಾಡ್ಕೋಬೇಡಿ, ಇದೆಲ್ಲ ಬಿಸಿನೆಸ್ ಅನ್ಸುತ್ತೆ. ಕಣ್ಣಿಗೆ ಕಾಣಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಟೆಸ್ಟ್ ಮಾಡುವವನೂ ಅವನೇ, ಪೈಪ್ ಹಾಕುವವನೂ ಅವನೇ. ನಾನು ಎಡಿಸನ್‌ನಲ್ಲಿ ಟೌನ್‌ಹೌಸ್‌ನಲ್ಲಿದ್ದೇನೆ. ಪಕ್ಕದ ಮನೆಯವರಿಗೆ 1.8 ಬಂತು. ಅದೇ ಗೋಡೆ, ಅದೇ ನೆಲ. ನಾನು ಯಾಕೆ ದುಡ್ಡು ದಂಡ ಮಾಡಲಿ?

ನಿವೃತ್ತ ಮೇಷ್ಟ್ರು · ಫೆಬ್ರವರಿ 10, ಬೆಳಿಗ್ಗೆ 9:30

ಮೈಸೂರಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದವನು. ಈಗ ಪೆನ್ಸಿಲ್ವೇನಿಯಾದಲ್ಲಿ ಮಗಳ ಮನೆಯಲ್ಲಿ ಮೊಮ್ಮಗು ಆಡಿಸುತ್ತಿದ್ದೇನೆ. ಇಲ್ಲಿಂದ ತುಂಬಾ ದೂರವಿಲ್ಲದ ಜಾಗದ ಕಥೆ ಒಂದಿದೆ.

1984ರ ಡಿಸೆಂಬರ್. ಲಿಮೆರಿಕ್ ಅಣುವಿದ್ಯುತ್ ಸ್ಥಾವರ ಇನ್ನೂ ಕಟ್ಟುತ್ತಿದ್ದರು. ಅಲ್ಲಿ ಸ್ಟ್ಯಾನ್ಲಿ ವಾಟ್ರಸ್ ಅನ್ನುವ ಎಂಜಿನಿಯರ್ ಇದ್ದರು. ಮೈಮೇಲೆ ವಿಕಿರಣ ಅಂಟಿದೆಯಾ ಅಂತ ನೋಡುವ ಬಾಗಿಲಿಗೆ ಹೋದಾಗಲೆಲ್ಲ ಅಲಾರಂ ಹೊಡೆದುಕೊಳ್ಳುತ್ತಿತ್ತು. ಸ್ಥಾವರದಿಂದ ಅಂಟಿದ್ದು ಅಂತ ಎಲ್ಲ ಹುಡುಕಿದರು, ಸಿಗಲಿಲ್ಲ. ಒಂದು ದಿನ ಅವರು ಬೆಳಿಗ್ಗೆ ಒಳಗೆ ಬಂದವರೇ ಕೆಲಸಕ್ಕೆ ಹೋಗದೆ ತಿರುಗಿ ಅದೇ ಬಾಗಿಲಲ್ಲಿ ನಿಂತರು. ಆಗಲೂ ಅಲಾರಂ! ಅಂದರೆ ಅವರು ಅದನ್ನು ಸ್ಥಾವರದಿಂದ ಮನೆಗೆ ಒಯ್ಯುತ್ತಿರಲಿಲ್ಲ, ಮನೆಯಿಂದ ಸ್ಥಾವರಕ್ಕೆ ತರುತ್ತಿದ್ದರು. ಮನೆಯ ಗಾಳಿ ಅಳೆದರೆ ಸುಮಾರು 2,700 ಪಿಕೋಕ್ಯೂರಿ. ಮನೆಯವರೆಲ್ಲ ಗಂಟು ಕಟ್ಟಿಕೊಂಡು ಹೊರಟರು. ಕೆಲವು ತಿಂಗಳಲ್ಲಿ ಮನೆ ಸರಿಮಾಡಿಸಿ ಮತ್ತೆ ಅಲ್ಲೇ ಬಂದು ಇದ್ದರು. ಈ ಕೊನೆಯ ಮಾತು ತುಂಗಾತೀರ ಅವರಿಗೆ.

ಆ ಮನೆಯ ಕೆಳಗಿದ್ದದ್ದು ರೆಡಿಂಗ್ ಪ್ರಾಂಗ್ ಅನ್ನುವ ಹಳೆಯ ಬಂಡೆಸಾಲು. ಪೆನ್ಸಿಲ್ವೇನಿಯಾದಿಂದ ನ್ಯೂಜೆರ್ಸಿ ದಾಟಿ ನ್ಯೂಯಾರ್ಕ್ ಕಡೆಗೆ ಹೋಗುತ್ತದೆ. ನಿಮ್ಮದೇ ಹಂಟರ್‌ಡನ್ ಕೌಂಟಿಯ ಕ್ಲಿಂಟನ್‌ನಲ್ಲೂ 1986ರಲ್ಲಿ ಒಂದು ಬಡಾವಣೆಯ ಮನೆಗಳಲ್ಲಿ ತುಂಬಾ ಜಾಸ್ತಿ ಸಿಕ್ಕಿತ್ತು.

'ಸುಮ್ನೆ ಕೇಳ್ದೆ' ಅವರೇ, ನಿಮ್ಮ ಅನುಮಾನ ಒಳ್ಳೆಯದೇ. ಆದರೆ ಪಕ್ಕದ ಮನೆಯ ಅಂಕಿ ನಿಮ್ಮದಲ್ಲ. ಕಾಂಕ್ರೀಟಿನ ಬಿರುಕು, ಕೆಳಗಿನ ಜಲ್ಲಿ, ಹೀಟರ್ ಹಾಕುವ ರೀತಿ, ಎಲ್ಲ ಸೇರಿ ಮನೆಗೊಂದು ಲೆಕ್ಕ. ಪಕ್ಕದವರ ಬಿಪಿ ನೋಡಿ ನೀವು ಮಾತ್ರೆ ಬಿಡುತ್ತೀರಾ?

ಇನ್ನು ಅದು ಮಾಡುವುದೇನು ಅಂದರೆ: ಮಣ್ಣು, ಬಂಡೆ ಎಲ್ಲದರಲ್ಲೂ ಚೂರುಪಾರು ಯುರೇನಿಯಂ ಇರುತ್ತದೆ. ಅದು ಸವೆಯುತ್ತಾ ರೇಡಿಯಂ ಆಗುತ್ತದೆ, ರೇಡಿಯಂ ರೇಡಾನ್ ಆಗುತ್ತದೆ. ಆ ಸಾಲಿನಲ್ಲಿ ಗಾಳಿಯಾಗಿ ಎದ್ದು ಓಡಾಡುವುದು ಇದೊಂದೇ. ಯಾವುದರ ಜೊತೆಯೂ ಸೇರದ ಅನಿಲ. ಹೆಚ್ಚಿನದು ಉಸಿರಿನಲ್ಲಿ ಒಳಗೆ ಹೋಗಿ ಹಾಗೇ ಹೊರಗೆ ಬರುತ್ತದೆ. ಆದರೆ 3.8 ದಿನಕ್ಕೆ ಅರ್ಧ ಸವೆಯುತ್ತದಲ್ಲ, ಆಗ ಹುಟ್ಟುವ ಪೊಲೋನಿಯಂನಂಥ ಮಕ್ಕಳು ತಂಟೆಕೋರರು. ಅವು ಅನಿಲವಲ್ಲ, ಧೂಳಿಗೆ ಅಂಟುತ್ತವೆ, ಶ್ವಾಸಕೋಶದ ಒಳಗೋಡೆಗೂ ಅಂಟುತ್ತವೆ. ಅಲ್ಲಿ ಕೂತು ಆಲ್ಫಾ ಕಣ ಸಿಡಿಸುತ್ತವೆ. ಆಲ್ಫಾ ಕಣವನ್ನು ಒಂದು ಕಾಗದ ತಡೆಯುತ್ತದೆ ಅಂತ ನಾನೇ ಕ್ಲಾಸಿನಲ್ಲಿ ಹೇಳುತ್ತಿದ್ದೆ. ಹೊರಗಿನಿಂದ ಬಂದರೆ ಚರ್ಮ ತಡೆಯುತ್ತದೆ. ಒಳಗೇ ಕೂತು ಸಿಡಿದರೆ ತಡೆಯಲು ಅಲ್ಲಿ ಏನಿದೆ?

ತುಂಗಾತೀರ · ಫೆಬ್ರವರಿ 10, ಮಧ್ಯಾಹ್ನ 1:05

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. 2,700 ಓದಿ ನನ್ನ 11 ಸಣ್ಣದಾಗಿ ಕಂಡಿತು, ನಿಜ ಹೇಳಬೇಕೆಂದರೆ. ಆದರೂ ಒಂದು ಪ್ರಶ್ನೆ. ನಾಲ್ಕು ವರ್ಷ ಆಗಿದೆಯಲ್ಲ, ಡಾಕ್ಟರ್ ಹತ್ತಿರ ಹೋಗಿ ಏನಾದರೂ ಟೆಸ್ಟ್ ಮಾಡಿಸಬೇಕಾ? ಮಗನಿಗೆ ಆರು ವರ್ಷ. ಇನ್ನೊಂದು, ಅಪ್ಪ ಇಪ್ಪತ್ತೈದು ವರ್ಷ ಬೀಡಿ ಸೇದಿದವರು. 2009ರಲ್ಲಿ ಬಿಟ್ಟರು.

ರಾಗಿಮುದ್ದೆ ಶಿಕಾಗೋ · ಫೆಬ್ರವರಿ 10, ಸಂಜೆ 6:20

ನಾನು ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ವಿಭಾಗದಲ್ಲಿದ್ದೇನೆ, ಡಾಕ್ಟರ್ ಅಲ್ಲ. ಗೊತ್ತಿರುವಷ್ಟು ಹೇಳುತ್ತೇನೆ.

ರೇಡಾನ್ ಎಷ್ಟು ಹೋಗಿದೆ ಅಂತ ಹೇಳುವ ರಕ್ತಪರೀಕ್ಷೆ ಯಾವ ಡಾಕ್ಟರೂ ಬರೆದುಕೊಡಲ್ಲ, ಅದಕ್ಕೆ ಓಡಾಡಬೇಡಿ. ಇಪಿಎ ಅಂದಾಜು ಹೀಗಿದೆ. ಸುಮಾರು 10 ಇರುವ ಮನೆಯಲ್ಲಿ ಜೀವನಪೂರ್ತಿ ಇದ್ದರೆ, ಸಿಗರೇಟು ಮುಟ್ಟದ ಸಾವಿರ ಜನರಲ್ಲಿ 18 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಸೇದುವವರಲ್ಲಿ ಸಾವಿರಕ್ಕೆ 150. ಅದೇ ಮನೆ 4 ಇದ್ದರೆ 7 ಮತ್ತು 62. ಸೇದುವವರಿಗೆ ಎಷ್ಟು ದೊಡ್ಡ ಜಿಗಿತ ನೋಡಿ. ಹೊಗೆ ಮತ್ತು ರೇಡಾನ್ ಜೊತೆ ಸೇರಿದರೆ ಹಾಗೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಜನ ರೇಡಾನ್‌ನಿಂದ ಬಂದ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುತ್ತಾರೆ ಅಂತ ಅವರ ಲೆಕ್ಕ. ಅದರಲ್ಲಿ ಸುಮಾರು 2,900 ಮಂದಿ ಜನ್ಮದಲ್ಲಿ ಸಿಗರೇಟು ಮುಟ್ಟದವರು.

ಗಮನಿಸಿ, ಇದು ಜೀವನಪೂರ್ತಿಯ ಲೆಕ್ಕ. ನಿಮ್ಮದು ನಾಲ್ಕು ವರ್ಷ. ಅಪ್ಪ-ಅಮ್ಮನದು ಆರು ತಿಂಗಳು. ಟಿಕೆಟ್ ಮುಂದಕ್ಕೆ ಹಾಕುವಂಥದ್ದೇನೂ ಇಲ್ಲ. ಬರುವ ಹೊತ್ತಿಗೆ ಸರಿಮಾಡಿಸಿದರೆ ಆಯಿತು. ಅಲ್ಲಿಯವರೆಗೆ ಮಗನ ಆಟ ಮೇಲಿನ ಮಹಡಿಗೆ ಬರಲಿ. ಸಾಮಾನ್ಯವಾಗಿ ಮೇಲೆ ಹೋದಂತೆ ಕಡಿಮೆ ಇರುತ್ತದೆ.

ಅಪ್ಪನ ಬೀಡಿ ವಿಷಯ ಬೇರೆಯೇ. ಊರಲ್ಲೇ ಡಾಕ್ಟರಿಗೆ ಒಮ್ಮೆ ತೋರಿಸಿ. ಕೆಮ್ಮು ಬಿಡದೆ ಇದ್ದರಂತೂ ಖಂಡಿತ. ಅದು ರೇಡಾನ್‌ಗೆ ಅಂತ ಅಲ್ಲ, ಬೀಡಿಗೆ.

ಕ್ಯಾಲ್ಗರಿ ಕಾವೇರಿ · ಫೆಬ್ರವರಿ 10, ರಾತ್ರಿ 8:45

ನನ್ನ ಪೆದ್ದುತನ ಒಂದು ಹೇಳಲೇ? ಡಿಜಿಟಲ್ ಮೀಟರ್ ತಂದಿಟ್ಟೆ, ಮಾರನೇ ದಿನ 150 ತೋರಿಸಿತು. ಅಮೆರಿಕದವರು 4ಕ್ಕೇ ಹೆದರುತ್ತಾರಲ್ಲ, ನನಗೆ 150! ಗಂಡನನ್ನು ಆಫೀಸಿನಿಂದ ಕರೆಸಿದೆ. ಆಮೇಲೆ ಗೊತ್ತಾಯಿತು, ಕೆನಡಾದಲ್ಲಿ ಅಳತೆಯೇ ಬೇರೆ. ಇಲ್ಲಿ ಘನ ಮೀಟರಿಗೆ ಇಷ್ಟು ಬೆಕರೆಲ್ ಅಂತ ಲೆಕ್ಕ. ಲೀಟರಿಗೆ 1 ಪಿಕೋಕ್ಯೂರಿ ಅಂದರೆ 37 ಬೆಕರೆಲ್. ನನ್ನ 150 ಅಂದರೆ ಅವರ 4 ಅಷ್ಟೇ. ತುಂಗಾತೀರ ಅವರ 11.2 ಅಂದರೆ ನಮ್ಮ ಲೆಕ್ಕದಲ್ಲಿ 414.

ಗೆರೆಯೂ ದೇಶಕ್ಕೊಂದು. ಕೆನಡಾದಲ್ಲಿ 200. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ 100 ಅಂದಿದೆ, ಆಗದಿದ್ದರೆ 300 ಮೀರಬಾರದು ಅಂತ. ನಾನು ನನ್ನ 150ನ್ನೂ ಇಳಿಸಿದೆ. ನಮ್ಮ ಮನೆಯಲ್ಲಿ ಮಗು ನೆಲದ ಮೇಲೇ ಇರುತ್ತದೆ, ಗೆರೆ ನೋಡಿಕೊಂಡು ಕೂರಲು ಮನಸ್ಸಾಗಲಿಲ್ಲ.

ಬಸವನಗುಡಿ ಬಾಲು · ಫೆಬ್ರವರಿ 11, ಬೆಳಿಗ್ಗೆ 6:30

ಬೆಂಗಳೂರಿನಿಂದ ಕೇಳುತ್ತಿದ್ದೇನೆ. ಇಲ್ಲಿ ಎಲ್ಲ ಮನೆಯಲ್ಲೂ ಗ್ರಾನೈಟ್ ಅಡುಗೆಕಟ್ಟೆ. ನಮ್ಮ ಇಡೀ ಊರೇ ಬಂಡೆ ಮೇಲಿದೆ. ಲಾಲ್‌ಬಾಗ್ ಬಂಡೆ ನೋಡಿಲ್ವಾ? ನಮಗೂ ರೇಡಾನ್ ಇದೆಯಾ?

ನಿವೃತ್ತ ಮೇಷ್ಟ್ರು · ಫೆಬ್ರವರಿ 11, ಬೆಳಿಗ್ಗೆ 9:10

ಇದೆ ಬಾಲು. ಬಂಡೆ ಇದ್ದಲ್ಲೆಲ್ಲ ಇದೆ. ನಮ್ಮ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರದವರು ಮನೆಗಳ ಒಳಗೆ ಅಳೆದಿದ್ದಾರೆ, ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲೂ ಅಳೆದವರಿದ್ದಾರೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಂತೂ ಯುರೇನಿಯಂ ಅದಿರೇ ಇದೆ. ಆದರೆ ಬಂಡೆ ಇದ್ದ ಮಾತ್ರಕ್ಕೆ ಮನೆಯೊಳಗೆ ಸೇರಿಕೊಳ್ಳಬೇಕು ಅಂತಿಲ್ಲ. ನಮ್ಮ ಕಡೆ ನೆಲಮಾಳಿಗೆಯಲ್ಲಿ ಯಾರೂ ಮಲಗಲ್ಲ. ಬೆಳಗಾದರೆ ಬಾಗಿಲು, ಕಿಟಕಿ ತೆಗೆದೇ ಇರುತ್ತೇವೆ. ಹಳೆ ಮನೆಯಲ್ಲಿ ಗವಾಕ್ಷಿ ಬೇರೆ. ತುಂಗಾತೀರ ಅವರ ತಂದೆ ಹೇಳಿದ್ದು ಅರ್ಧ ಸರಿ: ಬಂಡೆ ಮೇಲೇ ಇದ್ದಾರೆ, ಆದರೆ ಗಾಳಿ ಆಡುವ ಮನೆಯಲ್ಲಿದ್ದಾರೆ. ಆರು ತಿಂಗಳು ಹೀಟರ್ ಹಾಕಿ ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಅಲ್ಲ.

ಅಡುಗೆಕಟ್ಟೆಯ ಕಲ್ಲಿನಿಂದ ಬರುವುದು ಸಾಮಾನ್ಯವಾಗಿ ಬಹಳ ಕಡಿಮೆ. ಮುಖ್ಯ ಮೂಲ ಮನೆಯ ಕೆಳಗಿನ ಮಣ್ಣು. ಕಟ್ಟೆ ಕಿತ್ತು ಹಾಕಬೇಡ, ಹೆಂಡತಿ ಬಿಡುವುದಿಲ್ಲ.

ಸುಮ್ನೆ ಕೇಳ್ದೆ · ಫೆಬ್ರವರಿ 11, ಬೆಳಿಗ್ಗೆ 10:00

ಹಾಗಾದರೆ ಕಿಟಕಿ ತೆಗೆದಿಟ್ಟರೆ ಮುಗೀತಲ್ಲ? ಪೈಪ್ ಯಾಕೆ?

ಜೋಳದ ರೊಟ್ಟಿ ಅಯೋವಾ · ಫೆಬ್ರವರಿ 11, ಬೆಳಿಗ್ಗೆ 10:25

ಅದನ್ನೂ ಮಾಡಿ ನೋಡಿದ್ದೇನೆ ರೀ. ಜನವರಿಯಲ್ಲಿ, ಹೊರಗೆ ಹಿಮ, ಒಳಗೆ ಸ್ವೆಟರ್, ಮೇಲೆ ಕಂಬಳಿ. ಅಂಕಿ ಇಳಿಯಿತು. ಮುಚ್ಚಿದ ಮೇಲೆ ಮಾರನೇ ದಿನಕ್ಕೆ ಮತ್ತೆ ಅಲ್ಲಿಗೇ ಏರಿತು. ಗ್ಯಾಸ್ ಬಿಲ್ ಮಾತ್ರ ಇಳಿಯಲಿಲ್ಲ. ಇನ್ನೊಂದು ತಮಾಷೆ, ಬರೀ ಮೇಲಿನ ಮಹಡಿಯ ಕಿಟಕಿ ತೆಗೆದರೆ ಹೊಗೆಗೂಡಿನ ಬಾಯಿ ದೊಡ್ಡದು ಮಾಡಿದ ಹಾಗೆ. ಕೆಳಗೆ ಇನ್ನೂ ಜಾಸ್ತಿ ಎಳೆಯಬಹುದು.

ಪಿವಿಸಿ ಪುರಾಣ · ಫೆಬ್ರವರಿ 11, ರಾತ್ರಿ 9:40

ತಡವಾಗಿ ನೋಡಿದೆ. ಪೆನ್ಸಿಲ್ವೇನಿಯಾದಲ್ಲಿ ಎರಡು ಮನೆಗೆ ಮಾಡಿಸಿದ್ದೇನೆ, ಮೊದಲನೆಯದರಲ್ಲಿ ಮೋಸ ಹೋಗಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಇನ್ನೊಂದು ಟೆಸ್ಟ್. ಮೊದಲ ಅಂಕಿ 4ರ ಎರಡರಷ್ಟಕ್ಕಿಂತ ಜಾಸ್ತಿ ಬಂದರೆ ಮೂರು ತಿಂಗಳ ಟೆಸ್ಟ್‌ಗೆ ಕಾಯಬೇಡಿ, ಕೂಡಲೇ ಇನ್ನೊಂದು ಚಿಕ್ಕ ಟೆಸ್ಟ್ ಮಾಡಿ ಎನ್ನುತ್ತದೆ ಇಪಿಎ. ಡಬ್ಬಿ ಎಲ್ಲಿಟ್ಟಿದ್ದಿರಿ? ನೆಲದಿಂದ ಇಪ್ಪತ್ತು ಇಂಚಾದರೂ ಎತ್ತರ ಇರಬೇಕು. ಕಿಟಕಿ, ಬಾಗಿಲಿನಿಂದ ಮೂರಡಿ ದೂರ. ಬಾತ್‌ರೂಮು, ಕಪಾಟು, ಸಂಪ್ ಗುಂಡಿಯ ಪಕ್ಕ ಬೇಡ. (ಬೆಂಗಳೂರಿನವರಿಗೆ: ಇಲ್ಲಿನ ಸಂಪ್ ಕುಡಿಯುವ ನೀರಿನ ತೊಟ್ಟಿ ಅಲ್ಲ. ಬೇಸ್‌ಮೆಂಟಿಗೆ ನುಗ್ಗುವ ನೀರು ಸೇರುವ ಗುಂಡಿ.) ಟೆಸ್ಟ್ ಶುರುಮಾಡುವ ಹನ್ನೆರಡು ಗಂಟೆ ಮೊದಲಿನಿಂದಲೇ ಮನೆಯ ಕಿಟಕಿ, ಬಾಗಿಲು ಮುಚ್ಚಿರಬೇಕು. ಟೆಸ್ಟ್ ಮುಗಿದ ದಿನವೇ ಡಬ್ಬಿ ಪೋಸ್ಟ್ ಮಾಡಿ. ಮೇಷ್ಟ್ರು ಹೇಳಿದ 3.8 ದಿನ ನೆನಪಿದೆಯಲ್ಲ, ಇದ್ದಿಲಿನಲ್ಲಿ ಹಿಡಿದ ರೇಡಾನ್ ಕೂಡ ಸವೆಯುತ್ತಲೇ ಇರುತ್ತದೆ.

ಇನ್ನು ಕೆಲಸ. ನೆಲದ ಕಾಂಕ್ರೀಟಿಗೆ ತೂತು ಕೊರೆಯುತ್ತಾರೆ. ಕೆಳಗಿನ ಮಣ್ಣು, ಜಲ್ಲಿ ಒಂದಷ್ಟು ತೆಗೆದು ಗುಂಡಿ ಮಾಡುತ್ತಾರೆ. ಅದಕ್ಕೆ ಮೂರೋ ನಾಲ್ಕೋ ಇಂಚಿನ ಪಿವಿಸಿ ಪೈಪು, ಮೇಲೆ ಫ್ಯಾನು, ಫ್ಯಾನಿನಿಂದ ಛಾವಣಿಯ ಮೇಲಕ್ಕೆ ಬಾಯಿ. ಮನೆ ಮಣ್ಣಿನ ಗಾಳಿ ಹೀರುವ ಮುಂಚೆ ಫ್ಯಾನು ಹೀರಿ ಆಕಾಶಕ್ಕೆ ಬಿಡುತ್ತದೆ. ಹಗಲೂ ರಾತ್ರಿ ಓಡಬೇಕು.

ನಾನು ಮೋಸ ಹೋದದ್ದು ಇಲ್ಲಿ. ಮೊದಲು ಬಂದವನು "ಬಿರುಕು ಮುಚ್ಚಿ ಪೇಂಟ್ ಹೊಡೆದರೆ ಸಾಕು" ಅಂದ. ದುಡ್ಡು ಕೊಟ್ಟೆ. ಅಂಕಿ ಅಲುಗಲಿಲ್ಲ. ಬಿರುಕು ಮುಚ್ಚಬೇಕು, ಸಂಪ್‌ಗೆ ಗಾಳಿಯಾಡದ ಮುಚ್ಚಳ ಹಾಕಬೇಕು, ಆದರೆ ಅದೆಲ್ಲ ಫ್ಯಾನಿಗೆ ಸಹಾಯ. ಅದೊಂದರಿಂದಲೇ ಆಗಲ್ಲ. ಎರಡನೆಯವನು ಫ್ಯಾನನ್ನು ಬೇಸ್‌ಮೆಂಟಿನ ಒಳಗೇ ಇಡುತ್ತೇನೆ, ಪೈಪಿನ ಬಾಯಿ ಕಿಟಕಿ ಪಕ್ಕ ಬಿಡುತ್ತೇನೆ ಅಂದ. ಅಷ್ಟರಲ್ಲಿ ನನಗೂ ಬುದ್ಧಿ ಬಂದಿತ್ತು. ಫ್ಯಾನು ದಾಟಿದ ಮೇಲೆ ಪೈಪಿನಲ್ಲಿರುವುದು ತಳ್ಳುವ ಗಾಳಿ. ಅಲ್ಲಿ ಒಂದು ಕೀಲು ಸೋರಿದರೆ ರೇಡಾನ್ ನೇರ ಮನೆಗೇ. ಅದಕ್ಕೇ ಫ್ಯಾನು ಅಟ್ಟದಲ್ಲಿ ಅಥವಾ ಮನೆಯ ಹೊರಗೆ ಇರಬೇಕು. ಮೂರನೆಯವರು ಸರಿಯಾಗಿ ಮಾಡಿದರು, 1,450 ಡಾಲರ್ ಆಯಿತು.

ನ್ಯೂಜೆರ್ಸಿಯಲ್ಲಿ ಈ ಕೆಲಸಕ್ಕೆ ರಾಜ್ಯದ ಸರ್ಟಿಫಿಕೇಟ್ ಬೇಕು. ನಂಬರ್ ಕೇಳಿ. ಎಷ್ಟಕ್ಕೆ ಇಳಿಸಿಕೊಡುತ್ತೀರಿ ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಫ್ಯಾನು ಹಾಕಿ ಒಂದು ದಿನ ಕಳೆದ ಮೇಲೆ, ತಿಂಗಳೊಳಗೆ, ಮತ್ತೆ ಟೆಸ್ಟ್ ಮಾಡಿ. 'ಸುಮ್ನೆ ಕೇಳ್ದೆ' ಅವರ ಒಂದು ಮಾತು ಮಾತ್ರ ಸರಿ: ಪೈಪ್ ಹಾಕಿದವನ ಕೈಯಲ್ಲೇ ಆ ಟೆಸ್ಟ್ ಮಾಡಿಸಬೇಡಿ.

ತುಂಗಾತೀರ · ಫೆಬ್ರವರಿ 11, ರಾತ್ರಿ 10:15

ಡಬ್ಬಿ ಇಟ್ಟಿದ್ದು ಕಪಾಟಿನಲ್ಲಿ. ಮಗ ಮುಟ್ಟದಿರಲಿ ಅಂತ. ಪಕ್ಕದಲ್ಲೇ ಸಂಪ್ ಗುಂಡಿ. ನಾಳೆ ಹೊಸದು ತರುತ್ತೇನೆ.

ತುಂಗಾತೀರ · ಏಪ್ರಿಲ್ 27, ರಾತ್ರಿ 9:50

ಕ್ಷಮಿಸಿ, ಕಥೆ ಅರ್ಧಕ್ಕೆ ಬಿಟ್ಟು ಹೋಗಿದ್ದೆ. ಎರಡನೇ ಟೆಸ್ಟ್ ರೂಮಿನ ನಡುವೆ ಸ್ಟೂಲಿನ ಮೇಲಿಟ್ಟು ಮಾಡಿದೆ. 9.8 ಬಂತು. ಸಂಪ್ ಪಕ್ಕ ಇಟ್ಟಿದ್ದರಿಂದಲೇ ಜಾಸ್ತಿ ಬಂದಿರಬಹುದು ಅನ್ನುವ ಆಸೆ ಅಲ್ಲಿಗೆ ಮುಗಿಯಿತು. ಮೂರು ಕಡೆ ರೇಟ್ ಕೇಳಿದೆವು. ಒಬ್ಬರು ಮನೆ ನೋಡದೆ ಫೋನಿನಲ್ಲೇ ಹೇಳಿದರು, ಅವರನ್ನು ಬಿಟ್ಟೆವು. ಮಾರ್ಚ್ ಕೊನೆಯಲ್ಲಿ ಕೆಲಸ ಆಯಿತು. ಬೆಳಿಗ್ಗೆ ಬಂದವರು ಸಂಜೆಗೆ ಹೋದರು. ಪೈಪು ಬಟ್ಟೆ ಕಪಾಟಿನ ಮೂಲೆಯಲ್ಲಿ ಹಾದು ಅಟ್ಟಕ್ಕೆ ಹೋಗಿದೆ, ಹೊರಗಿನಿಂದ ಕಾಣುವುದೂ ಇಲ್ಲ. ಆಮೇಲೆ ನಾನೇ ಡಬ್ಬಿ ತಂದು ಟೆಸ್ಟ್ ಮಾಡಿದೆ: 0.8.

ಅಪ್ಪ-ಅಮ್ಮ ಬಂದು ಎರಡು ವಾರ. ಪೈಪಿಗೆ ಒಂದು ಗಾಜಿನ ಕೊಳವೆ ಅಂಟಿಸಿದ್ದಾರೆ, ಯು ಆಕಾರದ್ದು, ಒಳಗೆ ಕೆಂಪು ನೀರು. ಅಪ್ಪ ನೋಡಿದ ತಕ್ಷಣ "ಇದೆಂಥ, ಬಿಪಿ ಮಿಷನ್ನಾ?" ಅಂದರು. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಇದ್ದರೆ ಫ್ಯಾನು ಎಳೆಯುತ್ತಿದೆ ಅಂತ. ಎರಡೂ ಸಮ ಆದರೆ ಫ್ಯಾನು ನಿಂತಿದೆ ಅಂತ. ರೇಡಾನ್ ಎಷ್ಟಿದೆ ಅಂತ ಅದು ಹೇಳಲ್ಲ, ಅದಕ್ಕೆ ಎರಡು ವರ್ಷಕ್ಕೊಮ್ಮೆ ಟೆಸ್ಟ್ ಮಾಡಬೇಕು. ಅಷ್ಟು ವಿವರಿಸಿದ್ದೇ ತಡ, ಈಗ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೇಲೆ ಬಂದು "ಬಿಪಿ ನಾರ್ಮಲ್" ಅಂತ ವರದಿ ಕೊಡುತ್ತಾರೆ. ಎಂಥದೂ ಆಗಲ್ಲ ಅಂದವರು ಇವರೇ.

ಜೋಳದ ರೊಟ್ಟಿ ಅಯೋವಾ · ಏಪ್ರಿಲ್ 27, ರಾತ್ರಿ 10:30

0.8! ನನ್ನ 0.9ನ್ನೂ ಸೋಲಿಸಿದಿರಿ. ಅಪ್ಪಾಜಿಗೆ ನಮಸ್ಕಾರ ಹೇಳಿ.

ಸುಮ್ನೆ ಕೇಳ್ದೆ · ಮೇ 3, ರಾತ್ರಿ 11:20

ನಾನೂ ಟೆಸ್ಟ್ ಮಾಡಿದೆ. ಎರಡು ಸಲ. 6.3, ಆಮೇಲೆ 5.9. ಪಕ್ಕದ ಮನೆ 1.8 ಅಂದಿದ್ದೆನಲ್ಲ, ಹೌದು, ಅದೇ ಗೋಡೆ. ಯಾರೂ ನಗಬೇಡಿ. ಪುರಾಣದ ಸಾರ್, ಟೌನ್‌ಹೌಸ್‌ಗೂ ಅದೇ ರೀತಿ ಪೈಪ್ ಹಾಕುತ್ತಾರಾ?

ಪಿವಿಸಿ ಪುರಾಣ · ಮೇ 4, ಬೆಳಿಗ್ಗೆ 7:15

ಅದೇ ರೀತಿ. ಆದರೆ ಪೈಪು ಹೊರಗೋಡೆಯ ಮೇಲೆ ಹೋಗುವುದಾದರೆ ಮೊದಲು ನಿಮ್ಮ ಬಡಾವಣೆಯ ಸಂಘಕ್ಕೆ ಅರ್ಜಿ ಕೊಡಿ. ಒಪ್ಪಿಗೆ ಬರಲು ತಡವಾಗುತ್ತದೆ, ಇವತ್ತೇ ಕೊಡಿ. ಪೈಪಿನ ಬಾಯಿ ಪಕ್ಕದ ಮನೆಯ ಕಿಟಕಿಗೆ ಬೀಳದಂತೆ ನೋಡಿಕೊಳ್ಳಿ, ಪಾಪ ಅವರದು 1.8 ಇದೆ.